ಕಾಲ ಮೇಲಿನ ಕೂಸು

ಬೆಟ್ಟ ಎಡಕ್ಕೆ ಬಂದಿದೆ, ಬಲಕ್ಕಿರಬೇಕಿತ್ತು, ಬೆಂಗಳೂರಿಗೆ ಹೋಗುವಾಗ ಸ್ಕಂದಗಿರಿ ಯಾವಾಗಲೂ ಬಲಗಡೆ, ಹಾಸ್ಟೆಲಿಗೆ ವಾಪಸ್ ಹೋಗುವ ಬಸ್ಸಿನಲ್ಲಿ ಬಲಗಡೆಯ ಕಿಟಕಿಗಾಗಿಯೇ ಕರ್ಚೀಫು ಎಸೆದು ಸೀಟು ಹಿಡಿಯುತ್ತಿದ್ದವಳು ನಾನು, ಈಗ ಅದು ಎಡಗಡೆಯ ಗಾಜಿನಲ್ಲಿ ತಲೆಗೆ ಮೋಡ ಸುತ್ತಿಕೊಂಡು ನಿಂತಿದೆ, ನನಗಿನ್ನೂ ಪೂರ್ತಿ ಎಚ್ಚರವಾಗಿಲ್ಲವೇನೋ, ಶಿಡ್ಲಘಟ್ಟ ಬಿಟ್ಟಾಗ ಬಸುರಿನ ಆಯಾಸಕ್ಕೆ ಹಿಂದಿನ ಸೀಟಿನಲ್ಲಿ ಒರಗಿದ್ದೆ, ಚಿಕ್ಕಬಳ್ಳಾಪುರದಲ್ಲಿ ಹೂವಿನ ಮಾರುಕಟ್ಟೆಯ ಸೇವಂತಿಗೆ ವಾಸನೆ ಬಂದದ್ದು ಗೊತ್ತು, ಅಲ್ಲಿಂದ ಹೆದ್ದಾರಿಗೆ ಸೇರಬೇಕಿತ್ತು, ಹೆದ್ದಾರಿಯ ಸದ್ದೇ ಇಲ್ಲ, ಎರಡೂ ಕಡೆ ದ್ರಾಕ್ಷಿ ಚಪ್ಪರ, ಒಂದು ಟ್ರ್ಯಾಕ್ಟರು, ಎಮ್ಮೆ — ಮಾವ, ಇದು ಯಾವ ರಸ್ತೆ. ಸ್ಟಿಯರಿಂಗ್ ಹಿಡಿದವನ ಕತ್ತು ಬಿಗಿಯಿತು. ಬೀರೇಶ, ನನ್ನ ಗಂಡ, ನನ್ನ ಅಮ್ಮನ ತಮ್ಮ, ಹುಟ್ಟಿದಾಗಿನಿಂದ ಮಾವ ಅಂದವಳು ತಾಳಿ ಕಟ್ಟಿದ ಮೇಲೂ ಮಾವ ಅನ್ನುತ್ತೇನೆ, ಬೇರೆ ಪದ ಹುಡುಕುವ ಶ್ರಮವೂ ನಮಗಿಲ್ಲ. ಒಂದು ನಿಮಿಷ ಕಣೇ, ಗೌರಿಬಿದನೂರಲ್ಲಿ ಒಬ್ರು ಡಾಕ್ಟ್ರಮ್ಮ ಇದಾರೆ, ಹಂಗೇ ತೋರಿಸ್ಕೊಂಡು ಹೋಗಣ. ಹಂಗೇ. ಬೆಂಗಳೂರು ಒಂದು ದಿಕ್ಕು, ಗೌರಿಬಿದನೂರು ಇನ್ನೊಂದು ದಿಕ್ಕು, ಹಂಗೇ ಅನ್ನುವುದು ಎಲ್ಲಿಂದ ಬಂತು. ಅವನ ಪಕ್ಕದ ಸೀಟಿನಲ್ಲಿ ಅಜ್ಜಿ, ಅವನ ತಾಯಿ, ನನ್ನ ಅಮ್ಮನಿಗೂ ತಾಯಿ, ನನಗೆ ಅಜ್ಜಿಯೂ ಹೌದು ಅತ್ತೆಯೂ ಹೌದು, ಹೆಸರು ವರಲಕ್ಷ್ಮಮ್ಮ, ನನಗಿಟ್ಟದ್ದೂ ಅವಳ ಹೆಸರೇ, ವರಲಕ್ಷ್ಮಿ, ನಮ್ಮ ಮನೆಯಲ್ಲಿ ಹೆಸರನ್ನು ಕೂಡ ಹೊರಗಿನಿಂದ ತರುವುದಿಲ್ಲ, ಹಿಂದಕ್ಕೆ ತಿರುಗದೆಯೇ ಅಂದಳು, ಊರ್ಕೋ ತಲ್ಲಿ. ಸುಮ್ಮನಿರು ತಾಯಿ ಅಂತ. ಅವಳ ತವರು ಚಿಂತಾಮಣಿಯಿಂದಾಚೆ, ಆಂಧ್ರದ ಗಡಿ, ಬೈಯುವುದು ಕನ್ನಡದಲ್ಲಿ, ಸುಮ್ಮನಿರಿಸುವುದು ತೆಲುಗಿನಲ್ಲಿ.

ಅವಳ ಕಾಲ ಬಳಿ ವೈರಿನ ಬುಟ್ಟಿ, ಎರಡು ಸೀಟುಗಳ ಸಂದಿಯಲ್ಲಿ ಅದರ ಬಾಯಿ ಕಾಣುತ್ತಿದೆ, ಬೆಳಗ್ಗೆ ಅದನ್ನು ಅವಳೇ ಕಾರಿಗೆ ಇಟ್ಟಳು, ತಿಂಡಿ ಇರಬೇಕು ಅಂದುಕೊಂಡಿದ್ದೆ, ಈಗ ನೋಡಿದರೆ ಹಳೇ ಹತ್ತಿ ಸೀರೆ, ಹರಿದು ಮಡಿಸಿ ಒಂದರ ಮೇಲೊಂದು ಒಟ್ಟಿದ್ದು, ಫ್ಲಾಸ್ಕು, ಓಮದ ಡಬ್ಬಿ, ಬೆಳ್ಳುಳ್ಳಿಯ ಗೊಂಚಲು. ಬೆಂಗಳೂರಿನಲ್ಲಿ ಇವತ್ತು ನನಗೆ ಹಾಕಬೇಕಾದ್ದು ಒಂದು ಸೂಜಿ, ಸ್ಕ್ಯಾನಿನ ಪರದೆ ನೋಡಿಕೊಂಡು ಹೊಟ್ಟೆಯ ಮೂಲಕ ಒಳಗಿರುವ ಕೂಸಿನ ಹೊಕ್ಕುಳಬಳ್ಳಿಗೆ ಒಂದು ತೆಳ್ಳನೆಯ ಸೂಜಿ, ಸಂಜೆಗೆ ಮನೆಗೆ ಬರಬಹುದು ಅಂದಿದ್ದರು, ಅದಕ್ಕೆ ಹರಿದ ಸೀರೆ ಯಾಕೆ, ಓಮ ಯಾಕೆ, ಹರಿದ ಸೀರೆ ಬೇಕಾಗುವುದು ರಕ್ತಕ್ಕೆ, ಓಮ ಬೆಳ್ಳುಳ್ಳಿ ಬೇಕಾಗುವುದು ಬಸುರು ಇಳಿಸಿದ ಮೇಲೆ. ತೆಗೆಸಕ್ಕೆ ಕರ್ಕೊಂಡು ಹೋಗ್ತಿದೀರಾ ನನ್ನ. ಬೀರೇಶ ಗೇರು ಬದಲಿಸಿದ, ಬದಲಿಸುವ ಅಗತ್ಯವಿರಲಿಲ್ಲ, ರಸ್ತೆ ಸಮನಾಗಿಯೇ ಇತ್ತು. ಈ ಮನೆಯ ಮೌನಗಳೆಲ್ಲ ನನಗೆ ಗೊತ್ತು, ಯಾವುದು ಇಲ್ಲ ಅನ್ನುವ ಮೌನ, ಯಾವುದು ಹೌದು ಅನ್ನುವ ಮೌನ, ಇದು ಹೌದು. ನಾನು ಒಪ್ಪದೆ ಯಾವ ಡಾಕ್ಟರೂ ಮುಟ್ಟುವ ಹಾಗಿಲ್ಲ, ಅದು ನನಗೆ ಗೊತ್ತು, ಆದರೆ ಒಳಗೆ ಕೂರಿಸಿದ ಮೇಲೆ ಒಪ್ಪಿಸುವುದು ಹೇಗೆ ಅನ್ನುವುದು ಇವರಿಗೆ ಗೊತ್ತು, ಮದುವೆಗೆ ಒಪ್ಪಿಸಿದ ಹಾಗೆ, ಒಬ್ಬರು ಅಳುವುದು, ಒಬ್ಬರು ಊಟ ಬಿಡುವುದು, ಒಬ್ಬರು ಊರ್ಕೋ ಅನ್ನುವುದು.

ಮತ್ತೆ ಬೆಂಗಳೂರಲ್ಲಿ ಕಾಯುತ್ತಿರುತ್ತಾರೆ, ಕರಗಿಸಿಟ್ಟು ಕಾಯುತ್ತಿರುತ್ತಾರೆ, ಕೂಸಿನ ಮೂಳೆಗೆ ಅಂತ ಹೆಪ್ಪುಗಟ್ಟಿಸಿ ಇಟ್ಟಿದ್ದ ಕೋಶಗಳನ್ನು ನನ್ನ ಹೆಸರಿಗೆ ಇವತ್ತು ಬೆಳಗ್ಗೆ ಹೊರಗೆ ತೆಗೆದಿರುತ್ತಾರೆ, ಮಧ್ಯಾಹ್ನದೊಳಗೆ ಬಳಸದಿದ್ದರೆ ಚೆಲ್ಲಬೇಕು, ಮತ್ತೆ ಹೆಪ್ಪುಗಟ್ಟಿಸಲು ಬರುವುದಿಲ್ಲಮ್ಮ ಅಂತ ಅಲ್ಲಿನ ಡಾಕ್ಟರು ನಮ್ಮಿಬ್ಬರಿಗೂ ಹೇಳಿದ್ದರು, ಇವನೂ ತಲೆಯಾಡಿಸಿದ್ದ. ಕಾಂಡಕೋಶ ಅಂದಿದ್ದರು, ಇನ್ನೂ ಏನೂ ಆಗಿಲ್ಲದ ಕೋಶ, ಹೋಗಿ ಸೇರಿದ ಕಡೆ ಮೂಳೆಯಾಗಬಲ್ಲದು. ಹುಟ್ಟಿದ ಮೇಲೆ ಕೊಡುವುದಕ್ಕಿಂತ ಈಗಲೇ ಕೊಟ್ಟರೆ ಮಗುವಿನ ಮೈ ಅದನ್ನು ಪರಕೀಯ ಅಂತ ದೂಡುವುದು ಕಡಿಮೆ, ಇದು ಇನ್ನೂ ಪರೀಕ್ಷೆಯ ಹಂತ, ವಾಸಿಯಾಗುತ್ತೆ ಅಂತ ನಾನು ಹೇಳಲ್ಲ, ಮೂಳೆ ಮುರಿಯೋದು ಕಡಿಮೆ ಆಗಬಹುದು, ಆಗದೆಯೂ ಇರಬಹುದು, ಸೂಜಿಯಿಂದಲೇ ತೊಂದರೆ ಆಗಬಹುದು. ಆಗಬಹುದು, ಆಗದಿರಬಹುದು. ನನಗೆ ಆ ಮಾತು ಹಿಡಿಸಿತ್ತು, ನನ್ನ ಬದುಕಿನಲ್ಲಿ ಬಹುದು ಅಂದ ಮೊದಲ ಮನುಷ್ಯ ಅವರು, ಉಳಿದವರೆಲ್ಲ ಬೇಕು ಅನ್ನುವವರು. ಆಮೇಲೆ ಕೇಳಿದರು, ನೀವಿಬ್ಬರೂ ಸಂಬಂಧಿಕರೇ. ನಮ್ಮ ಮಾವ ಅಂದೆ. ಅಲ್ಲಮ್ಮ, ಗಂಡನ ತಂದೆಯ ವಿಷಯ ಕೇಳಲಿಲ್ಲ, ಇವರು ನಿಮಗೆ ಏನಾಗಬೇಕು. ಇವರೇ ಸಾರ್ ನಮ್ಮ ಮಾವ. ಮದುವೆಗೆ ಮುಂಚೆ. ಆಗಲೂ ಮಾವನೇ. ಪಕ್ಕದಲ್ಲಿದ್ದ ನರ್ಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಬೀರೇಶನೂ ನಕ್ಕ, ಡಾಕ್ಟರು ನಗಲಿಲ್ಲ, ಕೈಗೆ ಸಿಕ್ಕ ಚೀಟಿಯ ಮೇಲೆ ಒಂದು ಚೌಕ ಬರೆದು ನಾಲ್ಕು ಮನೆ ಮಾಡಿ ಒಂದು ಮನೆಗೆ ಮಸಿ ತುಂಬಿದರು, ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಈ ರೋಗ. ನಾನು ನೋಡುವ ಮೊದಲೇ ನನಗೆ ಅದು ಗೊತ್ತಿತ್ತು, ಬಿ.ಎಸ್ಸಿ.ಯಲ್ಲಿ ಬಟಾಣಿ ಗಿಡಕ್ಕೆ ಅಂತ ಬರೆದು ಬರೆದು ಕೈ ಸೋತ ಚೌಕ ಅದು.

ಬಟಾಣಿ ಯಾಕೆ, ನಮ್ಮಪ್ಪನ ಕೈಯಲ್ಲೇ ಇತ್ತಲ್ಲ ಅದು, ಅಪ್ಪ ಪಾಪಯ್ಯನ ಬಿತ್ತನೆ ಕೋಠಿ, ರೇಷ್ಮೆ ಮೊಟ್ಟೆ ಮಾಡಿ ಮಾರುವ ಮನೆ, ಅಂದರೆ ಶಿಡ್ಲಘಟ್ಟದಲ್ಲಿ ಹುಳ ಸಾಕುವವರಿಗೆಲ್ಲ ಗೊತ್ತು, ಅವರ ರೇಷ್ಮೆ ಮೊಟ್ಟೆ ಕೆಟ್ಟಿತು ಅಂತ ಯಾರೂ ಅಂದಿಲ್ಲ, ಬಿತ್ತನೆಗೂಡು ಕತ್ತರಿಸಿ ಗಂಡು ಒಂದು ತಟ್ಟೆಗೆ ಹೆಣ್ಣು ಇನ್ನೊಂದು ತಟ್ಟೆಗೆ ಬೇರೆ ಮಾಡಿ ಇಡುತ್ತಿದ್ದರು, ಮೈಸೂರು ತಳಿಯ ಹೆಣ್ಣಿಗೆ ಬೇರೆ ಊರಿನ ಬಿಳಿಗೂಡಿನ ಗಂಡು, ಎರಡು ಕೋಣೆಯ ನಡುವೆ ಬಾಗಿಲು ಹಾಕಿಯೇ ಇರುತ್ತಿತ್ತು, ನಾನು ಚಿಕ್ಕವಳು, ಬಾಗಿಲು ತೆಗೆದರೆ ಗದರುತ್ತಿದ್ದರು, ಒಂದೇ ಮನೆ ಚಿಟ್ಟೆ ಒಂದಕ್ಕೊಂದು ಸೇರಿದ್ರೆ ಹುಳ ನಿಲ್ಲಲ್ಲ ಕಣಮ್ಮ, ಗೂಡು ಬಲಿಯಲ್ಲ, ಹೊರಗಿನ ಗಂಡು ಬರ್ಬೇಕು. ಹುಳಕ್ಕೆ ಹೊರಗಿನ ಗಂಡು ಬೇಕು, ಮಗಳಿಗೆ ಬೇಡ. ಹಾಸ್ಟೆಲಿನಿಂದ ಬಂದವಳು ಮದುವೆಯ ಹಿಂದಿನ ದಿನವೂ ಹೇಳಿದೆ, ಅಪ್ಪ, ನಿಮ್ಮ ಕೋಠೀಲಿ ಇದನ್ನ ಮಾಡ್ತೀರಾ, ಅಂತ, ಅಪ್ಪ ತಟ್ಟೆ ನೋಡುತ್ತಾ ಕೂತಿದ್ದರು, ಅಮ್ಮ ಅಡುಗೆಮನೆಯಿಂದ ನಕ್ಕಳು, ನಮ್ಮ ಶಾಂತಕುಮಾರಿ ಮಗಳು ಚಿಟ್ಟೆ ಅಂತೆ ಅಂತ ತನ್ನನ್ನೇ ಬೇರೆಯವಳ ಹಾಗೆ ಹೆಸರಿಟ್ಟು ಆಡಿದಳು, ಎಲ್ಲರೂ ನಕ್ಕರು, ಅಜ್ಜಿ ಹೇಳಿದ್ದು ಒಂದೇ ಮಾತು, ಕರುಳು ಕರುಳಲ್ಲೇ ಇರ್ಲಿ. ಮೊಟ್ಟೆ ಇಟ್ಟು ಮುಗಿಸಿದ ತಾಯಿಚಿಟ್ಟೆಯನ್ನು ಅಪ್ಪ ಅರೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ರೋಗ ಕಂಡರೆ ಅವಳ ಮೊಟ್ಟೆಯೆಲ್ಲ ಸುಡುತ್ತಾರೆ, ಗಂಡುಚಿಟ್ಟೆಯನ್ನು ಯಾರೂ ಅರೆದು ನೋಡುವುದಿಲ್ಲ. ಮೊದಲ ಮಗಳು ತನು ಹುಟ್ಟಿದ ಮೇಲೆ ನನ್ನನ್ನೂ ಹಾಗೆಯೇ ಅರೆದರು, ಬಸುರಲ್ಲಿ ಹಾಲು ಕುಡೀಲಿಲ್ಲ, ಗ್ರಹಣದ ದಿನ ಹೊರಗೆ ನಿಂತಿದ್ಲು, ಓದಿ ಓದಿ ಮೈಯಲ್ಲಿ ಶಕ್ತಿ ಎಲ್ಲಿಂದ ಬರ್ಬೇಕು.

ತನು ಈಗ ಅಮ್ಮನ ಮನೆಯಲ್ಲಿ ಚಾಪೆಯ ಮೇಲೆ ಕೂತು ಗೋಡೆಗೆ ಒರಗಿ ಬಣ್ಣ ಹಚ್ಚುತ್ತಿರುತ್ತಾಳೆ, ಬಲಗೈ ಪಟ್ಟಿಯಲ್ಲಿದೆ, ಎಡಗೈಯಲ್ಲೇ ಹಚ್ಚುತ್ತಾಳೆ, ಎರಡು ಕೈಗೂ ಒಂದೇ ಬುದ್ಧಿ ಅವಳಿಗೆ, ಯಾವುದು ಯಾವಾಗ ಮುರಿಯುತ್ತೋ ಅಂತ. ಬಂದವರಿಗೆ ಅವಳೇ ಪಾಠ ಮಾಡುತ್ತಾಳೆ, ಕಂಕುಳಿಗೆ ಕೈ ಹಾಕ್ಬೇಡಿ ಆಂಟಿ, ಕೆಳಗಿಂದ ಎತ್ತಿ, ಇಡ್ಲಿ ತಟ್ಟೆ ಎತ್ತಲ್ವಾ ಹಂಗೆ, ನಾನು ಹಪ್ಪಳ. ನನ್ನ ಹೊಟ್ಟೆಗೆ ಕಿವಿ ಇಟ್ಟು ಹೋದ ತಿಂಗಳು ಕೇಳಿದಳು, ಒಳಗಿರೋ ಪಾಪೂನೂ ಹಪ್ಪಳಾನಾ ಅಮ್ಮ. ಒಳಗಿನ ಕೂಸಿನ ತೊಡೆಯ ಮೂಳೆ ಬಿಲ್ಲಿನ ಹಾಗೆ ಬಾಗಿದ್ದು ಸ್ಕ್ಯಾನಿನಲ್ಲಿ ಕಂಡ ದಿನ ಅದು, ಇವಳಿಗೆ ಯಾರೂ ಹೇಳಿರಲಿಲ್ಲ, ಗೋಡೆಗೆ ಒರಗಿ ಕೂರುವವರಿಗೆ ಎಲ್ಲವೂ ಕೇಳಿಸುತ್ತದೆ. ಇವಳು ಹುಟ್ಟಿದಾಗ ನಮಗೇನೂ ಗೊತ್ತಿರಲಿಲ್ಲ, ಕಣ್ಣಿನ ಬಿಳಿ ಸ್ವಲ್ಪ ನೀಲಿ, ಅಷ್ಟೇ, ಚೆಂದ ಅಂದರು. ಅಜ್ಜಿಯೇ ನೀರು ಹಾಕುತ್ತಿದ್ದಳು, ವರಲಕ್ಷ್ಮಮ್ಮನ ಕಾಲ ಮೇಲೆ ಮಲಗದ ಕೂಸು ನಮ್ಮ ಬೀದಿಯಲ್ಲಿ ಇಲ್ಲ, ಬಚ್ಚಲಲ್ಲಿ ಮಣೆಯ ಮೇಲೆ ಕೂತು ಸೀರೆ ಮೇಲೆತ್ತಿ ಎರಡೂ ಕಾಲು ಚಾಚುತ್ತಾಳೆ, ನೆರಿಗೆಗಟ್ಟಿದ ಹಳದಿ ಪಾದ, ಕಾಲುಗಳ ನಡುವಿನ ಹಳ್ಳದಲ್ಲಿ ಕೂಸು, ಎಣ್ಣೆ, ಹೆಬ್ಬೆರಳು ಮೊಣಕಾಲಿನಿಂದ ಗಿಣ್ಣಿನವರೆಗೆ, ಆಮೇಲೆ ಬಲಗೈ ಎಡಗಾಲು ಒಂದಕ್ಕೊಂದು ಅಡ್ಡ ತಂದು ಹಿಡಿದು ಎಳೆಯುವುದು, ಕೂಸಿನ ಕೀಲು ಸಡಿಲವಾಗಲಿ ಅಂತ, ಎಲ್ಲ ಕೂಸುಗಳಿಗೂ ಎಳೆದದ್ದೇ, ನನಗೂ ಬೀರೇಶನಿಗೂ ಅಮ್ಮನಿಗೂ. ನಾನು ಬಾಗಿಲಲ್ಲಿ ಬಿಸಿನೀರಿನ ಚೊಂಬು ಹಿಡಿದು ನಿಂತಿದ್ದೆ. ಸದ್ದು ನನಗೆ ಕೇಳಲಿಲ್ಲ. ಅವಳ ಕೈಗೆ ಕೇಳಿಸಿತು. ಹೆಬ್ಬೆರಳು ತೊಡೆಯ ಮೇಲೆ ನಿಂತುಬಿಟ್ಟಿತು, ಕೂಸು ಬಾಯಿ ತೆರೆದು ಉಸಿರೇ ಬಾರದ ಹಾಗೆ ಒಂದು ಕ್ಷಣ, ಆಮೇಲೆ ಆ ಕೂಗು, ಅಜ್ಜಿ ಮುಖ ಎತ್ತದೆ ಇನ್ನೊಂದು ಚೊಂಬು ನೀರು ಸುರಿದು ಅಂದಳು, ಊರ್ಕೋ ತಲ್ಲಿ, ಊರ್ಕೋ. ಉಳುಕಿರಬೇಕು ಅಂದಳು ಆಮೇಲೆ. ದೃಷ್ಟಿ ತಾಕಿರಬೇಕು ಅಂದಳು. ಎಕ್ಸ್‌ರೇಯಲ್ಲಿ ತೊಡೆ ಮುರಿದದ್ದು ಕಂಡ ಮೇಲೆ ಏನೂ ಅನ್ನಲಿಲ್ಲ. ಆವತ್ತಿನಿಂದ ಅವಳು ಯಾರ ಕೂಸಿಗೂ ನೀರು ಹಾಕಿಲ್ಲ, ಮಂಡಿನೋವು ಅಂತಾಳೆ, ಮಂಡಿಯೂರಿ ನೆಲ ಒರೆಸುವಾಗ ಇಲ್ಲದ ನೋವು. ನಾನು ಬೈಯಲಿಲ್ಲ ಅವಳನ್ನು, ಗೊತ್ತಿಲ್ಲದೆ ಆದದ್ದಕ್ಕೆ ಏನಂತ ಬೈಯುವುದು, ಆದರೆ ಗೊತ್ತಾದ ಮೇಲೂ ಒಂದು ಮಾತು ಆಡಲಿಲ್ಲವಲ್ಲ, ನನ್ನ ಕೈಯಲ್ಲಿ ಆಯಿತು ಅಂತ ಒಂದು ಮಾತು, ಅದಕ್ಕೆ ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ, ಆ ಚಾಚಿದ ಕಾಲು ಕಣ್ಣು ಮುಚ್ಚಿದರೂ ಮುಂದೆ ಬರುತ್ತದೆ.

ಈಗ ಮಾತಾಡುತ್ತಿದ್ದಾಳೆ, ಮುಂದಿನ ಗಾಜಿಗೆ ಮುಖ ಮಾಡಿಕೊಂಡು, ಸತ್ತ ಕೂಸಿಂದು ತಂದು ಬದುಕಿರೋ ಕೂಸಿಗೆ ಹಾಕ್ತಾರಂತೆ, ಎಲ್ಲಾದ್ರೂ ಉಂಟಾ, ನಮ್ಮ ಮನೇಲಿ ಸೂತಕ ಹೋಗೋದೇ ಇಲ್ಲ. ಕೋಶ ಎಲ್ಲಿಂದ ಬರುತ್ತೆ ಸಾರ್ ಅಂತ ಕೇಳಿದವನು ಬೀರೇಶ, ಡಾಕ್ಟರು ಮುಚ್ಚಿಡಲಿಲ್ಲ, ಎಲ್ಲೋ ಒಂದು ಕಡೆ ಒಬ್ಬ ತಾಯಿಯ ಬಸುರು ಉಳಿಯಲಿಲ್ಲ, ಅವಳು ಒಪ್ಪಿ ಕೊಟ್ಟಿದ್ದಾಳೆ, ಆ ಭ್ರೂಣದ ಯಕೃತ್ತಿನಿಂದ ತೆಗೆದು ಬೆಳೆಸಿದ್ದು ಅಂದರು, ಅದನ್ನು ಇವನು ಮನೆಗೆ ಬಂದು ತಾಯಿಯ ಮುಂದೆ ಒಪ್ಪಿಸಿದ, ಅವತ್ತಿಂದ ಹತ್ತಿಕೊಂಡದ್ದು. ಯಾವ ದೇಶದ್ದೋ, ಯಾವ ಜನಾನೋ, ನಮ್ಮ ಮನೆ ಕೂಸಿನ ಮೂಳೇಲಿ ಯಾರೋ ಬಂದು ಕೂತ್ಕೋಬೇಕಾ. ಕೂತ್ಕೊಳ್ಲಿ ಅಜ್ಜಿ. ಯಾರಾದ್ರೂ ಬಂದು ಕೂತ್ಕೊಳ್ಲಿ. ನಾನು ಹಿಂದಿನಿಂದ ಹೇಳಿದೆ, ನಮ್ಮನೆ ಬಾಗ್ಲು ಹಾಕಿಟ್ಟೂ ಹಾಕಿಟ್ಟೂ ಒಳಗಿರೋದೆಲ್ಲ ಪುಡಿಯಾಗ್ತಿದೆ, ಒಂದು ತೊಟ್ಟು ಹೊರಗಿಂದು ಬರ್ಲಿ. ಇವಳು ಸತ್ತದ್ದನ್ನು ಮುಟ್ಟಲಾರಳು, ಬದುಕಿರುವುದನ್ನು ಸಾಯಿಸಲು ಬುಟ್ಟಿ ತುಂಬಿಕೊಂಡು ಬಂದಿದ್ದಾಳೆ, ಓಮ ಹುರಿದು ಡಬ್ಬಿಗೆ ತುಂಬಿದ್ದಾಳೆ, ಎಂಥ ಮುತುವರ್ಜಿ. ಬೇಡ ಅಂತ ತೀರ್ಮಾನಿಸುವುದಿದ್ದರೆ ಅದೂ ನನ್ನದೇ, ಡಾಕ್ಟರು ಅದನ್ನೂ ಕೇಳಿದ್ದರು, ಮುಂದುವರಿಸಬೇಕೋ ಬೇಡವೋ, ಎರಡರಲ್ಲೂ ತಪ್ಪಿಲ್ಲಮ್ಮ, ಅಂತ, ನಾನು ಬೇಕು ಅಂದೆ. ನಾನು ಅಂದೆ. ಗಾಡಿ ನಿಲ್ಸು ಮಾವ. ಮಂಚೇನಹಳ್ಳಿ ಬರ್ಲಿ, ಕಾಫಿ ಕುಡ್ಯಣ, ಮಾತಾಡಣ. ನಿಲ್ಸು. ಊರ್ಕೋ ತಲ್ಲಿ. ರಸ್ತೆಯುಬ್ಬು ಬಂತು, ಕಾರು ನಿಧಾನವಾಯಿತು, ಬಾಗಿಲ ಹಿಡಿ ನನ್ನ ಕೈಗೆ ಸಿಕ್ಕಿತು, ತೆರೆದೆ, ಗಾಳಿ, ಧೂಳು, ಡಾಂಬರು ಕೆಳಗೆ ಹರಿಯುತ್ತಿದೆ, ಹುಚ್ಚು ಹಿಡೀತೇನೇ ನಿನಗೆ, ಬ್ರೇಕು, ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು, ಕೈ ಹೊಟ್ಟೆಯ ಮೇಲೆ, ಒಳಗೆ ಒಂದು ತಿರುವು, ಇದ್ದೀಯ, ಇದ್ದೀಯ.

ಇಳಿದು ರಸ್ತೆ ದಾಟಿ ಆಚೆ ಬದಿಯಲ್ಲಿ ನಿಂತೆ, ಚಿಕ್ಕಬಳ್ಳಾಪುರಕ್ಕೆ ಹೋಗುವ ಬಸ್ಸು ಆ ಕಡೆಯಿಂದಲೇ ಬರಬೇಕು, ಬಸ್ಸಿಳಿದು ಇನ್ನೊಂದು ಬಸ್ಸು, ಆಮೇಲೆ ಆಟೋ, ಮಧ್ಯಾಹ್ನದೊಳಗೆ ಆಗುತ್ತದೆಯೋ ಇಲ್ಲವೋ, ಆಗಬಹುದು. ಬೀರೇಶ ಕಾರಿಳಿದು ಬಂದ, ಚಪ್ಪಲಿ ಕಾಲಡಿಯಲ್ಲಿ ತಿರುಚಿಕೊಂಡಿದೆ, ಸರಿಮಾಡಿಕೊಳ್ಳುವ ತಾಳ್ಮೆಯೂ ಇಲ್ಲ. ಜನ ನೋಡ್ತಾರೆ ವರ. ಜನ ಎಲ್ಲಿದಾರೆ ಮಾವ, ಎಮ್ಮೆ ನೋಡ್ತಿದೆ. ನನಗಾಗಲ್ಲ ಕಣೇ, ಇನ್ನೊಂದು ತನೂನ ನೋಡಕ್ಕೆ ನನಗಾಗಲ್ಲ. ನಾನು ಕರಗುವ ಮೊದಲು ನನ್ನ ಸಿಟ್ಟು ಮಾತಾಡಿತು, ನೋಡ್ತಿರೋದು ಯಾರು, ನೀನು ಬೆಳಗಾದ್ರೆ ಗೂಡಿನ ಮಾರ್ಕೆಟ್ಟಲ್ಲಿ ಇರ್ತೀಯ, ಅವಳು ಅಳ್ತಿದ್ರೆ ಫೋನ್ ಬಂತು ಅಂತ ಹೊರಗೆ ಹೋಗ್ತೀಯ, ನೋಡಕ್ಕಾಗಲ್ವಂತೆ. ಅವನು ತಲೆ ತಗ್ಗಿಸಿದ. ಇದೇ ಕತ್ತು, ಚಿಕ್ಕವಳಿದ್ದಾಗ ಇದರ ಮೇಲೆ ಕೂತು ನಾನು ಊರೆಲ್ಲ ನೋಡಿದ್ದೇನೆ, ನನ್ನನ್ನು ಹೊತ್ತ ಕತ್ತಿಗೆ ನಾನೇ ಹಾರ ಹಾಕಬೇಕಾಯಿತು, ಅವನನ್ನೂ ಯಾರು ಕೇಳಿದ್ದರು, ಅವನಿಗೂ ಊರ್ಕೋ ಅಂದಿರಬೇಕು ಒಳಗಿನ ಕೋಣೆಯಲ್ಲಿ, ಆದರೆ ಇವತ್ತು ಕಾರು ಓಡಿಸಿದ್ದು ಅವನು, ಅದು ಅವನೇ. ಅವ್ವನಿಗೆ ಏನು ಹೇಳ್ಲಿ ವರ. ಅವ್ವನಿಗೆ ಬಿಡು, ಸಂಜೆ ಹೋಗಿ ತನುಗೆ ಏನು ಹೇಳ್ತೀಯ, ಪಾಪು ಎಲ್ಲಿ ಅಂತ ಕೇಳ್ತಾಳೆ, ಹಪ್ಪಳ ಆಗಿತ್ತು, ಅದಕ್ಕೆ ಎಸೆದು ಬಂದ್ವಿ ಅಂತೀಯಾ, ಅವಳು ಮುಂದಕ್ಕೆ ಏನಂತ ಕೇಳ್ತಾಳೆ ಗೊತ್ತಾ, ನನ್ನ ಯಾಕೆ ಎಸೀಲಿಲ್ಲ ಅಂತ. ಬೀರೇಶ ಮುಖ ಒರೆಸಿಕೊಂಡ, ಅಂಗೈಯಿಂದ, ಹುಡುಗರ ಹಾಗೆ. ಹಿಂದಿರುಗಿ ಹೋಗಿ ಕಾರು ಹತ್ತಿ ರಸ್ತೆಯಲ್ಲಿ ಹಿಂದೆ ಮುಂದೆ ಮಾಡಿ ತಿರುಗಿಸಿದ, ಮೂತಿ ಚಿಕ್ಕಬಳ್ಳಾಪುರದ ಕಡೆಗೆ.

ತಿರುಗಿಸುವಾಗಲೇ ಅಜ್ಜಿ ಬಾಗಿಲು ತೆಗೆದು ಇಳಿದಿದ್ದಳು, ಬುಟ್ಟಿ ಸಮೇತ, ರಸ್ತೆ ಬದಿಯ ಹೊಂಗೆಮರದ ಬುಡದಲ್ಲಿ ಹೋಗಿ ಕೂತಳು, ಸತ್ತಿದ್ದನ್ನ ತುಂಬಿಸ್ಕೊಂಡು ಬರೋದಾದ್ರೆ ನಾನು ಆ ಮನೆಗೆ ಬರಲ್ಲ, ಇಲ್ಲೇ ಇರ್ತೀನಿ, ಗಾಡಿ ಮೇಲೆ ಹರಿಸ್ಕೊಂಡು ಹೋಗಿ. ಹತ್ತವ್ವ, ಬೀರೇಶ ಅಂದ, ಅವ್ವ ಹತ್ತು. ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು, ಇಷ್ಟು ಹೊತ್ತಿನಲ್ಲಿ ಮೊದಲ ಸಲ, ಅಷ್ಟೂ ಹೊತ್ತು ಗಾಜಿಗೆ ಆಡಿದ್ದನ್ನು ಬಿಟ್ಟು ನನಗೆ ಅಂದಳು, ನಾನು ಸಾಯೋವರೆಗೂ ಇನ್ನೊಂದು ಕೂಸಿನ ಕೂಗು ಕೇಳಲಾರೆ ವರಮ್ಮ. ಅಷ್ಟೇ. ನನ್ನ ಕೈಯಲ್ಲಿ ಆಯಿತು ಅನ್ನಲಿಲ್ಲ. ಈಗಲೂ ಅನ್ನಲಿಲ್ಲ. ಆ ಒಂದು ಮಾತಿನ ಸುತ್ತ ಬಂದು, ಅದರ ಹೊಸ್ತಿಲಿಗೆ ಬಂದು, ನಿಂತುಬಿಟ್ಟಳು, ಅನ್ನು ಅಜ್ಜಿ, ಇನ್ನೊಂದೇ ಮಾತು, ಅಂದುಬಿಡು, ನಾನೇ ಕೈ ಹಿಡಿದು ಕಾರಿಗೆ ಹತ್ತಿಸುತ್ತೇನೆ, ಕಾದೆ, ಒಂದು ಬಸ್ಸು ಹಾರ್ನ್ ಹೊಡೆದು ದಾಟಿತು, ಧೂಳು ಇಳಿಯಿತು, ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಮುಂದಿನ ಸೀಟಿಗೆ ಕೂತೆ, ಅವಳ ಸೀಟಿಗೆ, ಇನ್ನೂ ಬೆಚ್ಚಗಿತ್ತು. ಹೊರಡು ಮಾವ. ಅವ್ವ — ಅಂದ ಅವನು. ಅಪ್ಪಂಗೆ ಫೋನ್ ಮಾಡ್ತೀನಿ, ಬಂದು ಕರ್ಕೊಂಡು ಹೋಗ್ತಾರೆ, ಹೊರಡು. ಅಪ್ಪ ಬರಲಿ, ತಮ್ಮ ಕೋಠಿಯ ಬಾಗಿಲು ಹಾಕಿ ಬರಲಿ, ಈ ಮರದ ಕೆಳಗೆ ಇಬ್ಬರೂ ಎದುರು ಬದುರು ಕೂತು ಏನಾದರೂ ಮಾತಾಡಿಕೊಳ್ಳಲಿ, ಇಲ್ಲವೇ ಮಾತಾಡದೆ ಇರಲಿ, ನನಗಿವತ್ತು ಪುರುಸೊತ್ತಿಲ್ಲ, ಕರಗಿಸಿ ಇಟ್ಟಿದ್ದಾರೆ, ಕಾಯುತ್ತಿದ್ದಾರೆ, ಕಾರು ಚಲಿಸಿತು, ನೋಡಬಾರದು ಅಂದುಕೊಂಡೆ, ಪಕ್ಕದ ಕನ್ನಡಿಯಲ್ಲಿ ಕಂಡಿತು, ಹೊಂಗೆಮರ, ಬುಟ್ಟಿ, ಅಜ್ಜಿ ಎರಡೂ ಕಾಲು ನೀಳಕ್ಕೆ ಚಾಚಿ ಕೂತಿದ್ದಾಳೆ, ಸೀರೆ ಮೊಣಕಾಲಿಗೆ ಬಂದಿದೆ, ಬಚ್ಚಲಲ್ಲಿ ಕೂತ ಹಾಗೆಯೇ, ಕಾಲುಗಳ ನಡುವಿನ ಹಳ್ಳದಲ್ಲಿ ಏನೂ ಇಲ್ಲ, ಬಿಸಿಲು, ಒಣ ಎಲೆ, ಅವಳು ಬಾಗಿ ತನ್ನ ಕಾಲನ್ನೇ ನೀವಿಕೊಳ್ಳುತ್ತಿದ್ದಾಳೆ, ಹೆಬ್ಬೆರಳು ಮೊಣಕಾಲಿನಿಂದ ಗಿಣ್ಣಿನವರೆಗೆ, ತೀರಾ ಹಗುರವಾಗಿ, ಮತ್ತೆ ಮೊಣಕಾಲಿನಿಂದ, ಕನ್ನಡಿ ಅವಳನ್ನು ಚಿಕ್ಕದು ಮಾಡುತ್ತಿದೆ, ಕಾಲು ಮಾತ್ರ ಚಿಕ್ಕದಾಗುತ್ತಿಲ್ಲ, ಹೆಬ್ಬೆರಳು ಮೊಣಕಾಲಿನಿಂದ ಇಳಿಯಿತು, ನಡುವೆ ನಿಂತಿತು, ನಿಂತಿದೆ, ನಿಂತೇ ಇದೆ,